ಬೇಡ ಎನ್ನುವ ಸಾರು

ನಮ್ಮೂರಿನ ಫುಟ್‌ಬಾಲ್ ತಂಡ ಸೋತ ಭಾನುವಾರ ನಮ್ಮ ಮನೆಯಲ್ಲಿ ಅಡುಗೆ ಇರುತ್ತದೆ, ಊಟ ಇರುವುದಿಲ್ಲ. ನನ್ನ ಗಂಡ ನಾರ್ಬರ್ಟ್ ಟಿವಿ ಆರಿಸಿ ನೆಲಮಾಳಿಗೆಗೆ ಇಳಿದು, ಸುತ್ತಿಗೆ ಹಿಡಿದು ಏನನ್ನಾದರೂ ಬಡಿಯುತ್ತಾ ಕೂರುತ್ತಾನೆ. ಮಗಳು ರೆನಾಟ ತಟ್ಟೆ ಎತ್ತಿಕೊಂಡು ತನ್ನ ಕೋಣೆ ಸೇರುತ್ತಾಳೆ. ಅತ್ತೆಯೊಬ್ಬರೇ ಮೇಜಿನ ಮುಂದೆ ನೆಟ್ಟಗೆ ಕೂತು, "ಯಾರು ಸತ್ರು?" ಎಂದು ಕೇಳುತ್ತಾರೆ. ಯಾರೂ ಸತ್ತಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ಆದರೂ ಪ್ರತಿ ಸಲ ಕೇಳುತ್ತಾರೆ.

ಅಮೆರಿಕದ ಈ ಬಫಲೊ ಊರಿನಲ್ಲಿ ಹುಟ್ಟಿದವರಿಗೆ ಸೋಲು ಹೊಸದೇನಲ್ಲ. ಹಿಂದೊಮ್ಮೆ ನಾಲ್ಕು ವರ್ಷ ಸಾಲಾಗಿ ಫೈನಲ್ ತನಕ ಹೋಗಿ ನಾಲ್ಕೂ ಸಲ ಸೋತು ಬಂದ ತಂಡ ನಮ್ಮದು. ಬೇರೆ ಊರಿನವರಾಗಿದ್ದರೆ ಅಂದೇ ಎಳ್ಳುನೀರು ಬಿಟ್ಟು ಬೇರೆ ಆಟ ನೋಡುತ್ತಿದ್ದರು. ನಾವು ಮಾತ್ರ ಹಲ್ಲು ಬಾರದ ಮಗುವಿನ ತಲೆಗೂ ತಂಡದ ಟೋಪಿ ತೊಡಿಸುತ್ತೇವೆ.

ನಾನು ನೋರೀನ್. ಊರಿನ ದಕ್ಷಿಣದ ಐರಿಷ್ ಕೇರಿಯಿಂದ ಈ ಪೋಲಿಷ್ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷ ದಾಟಿತು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತೇನೆ. ನೂರಾರು ಮಕ್ಕಳಿಗೆ ಬೇಯಿಸಿ ಬಡಿಸುವ ನನಗೆ ಸ್ವಂತ ಮನೆಯ ಒಲೆಯ ಹತ್ತಿರ ಮಾತ್ರ ಬಹಳ ಕಾಲ ಪ್ರವೇಶವಿರಲಿಲ್ಲ. ಅದು ಅತ್ತೆ ಜೆನೋವೇಫ ಅವರ ಒಲೆ. ಮಾವ ಕಾಸಿಮಿರ್ ತೀರಿಕೊಂಡ ಕೆಲವು ತಿಂಗಳಿಗೆ ಅವರು ಒಂದು ದಿನ ಏಪ್ರನ್ ಬಿಚ್ಚಿ ಮೊಳೆಗೆ ನೇತುಹಾಕಿದರು. "ಇನ್ಮೇಲೆ ನೀನೇ ಮಾಡು" ಎಂದರು. ಯಾಕೆಂದು ಕೇಳಿದರೆ, "ಸಾಕಾಯ್ತು" ಎಂದಷ್ಟೇ ಹೇಳಿದರು. ಅಂದಿನಿಂದ ಅವರ ಕೈಯ ಅಡುಗೆ ಈ ಮನೆಯಲ್ಲಿ ಯಾರೂ ಕಂಡಿರಲಿಲ್ಲ.

ಈ ವರ್ಷದ ರಾಮಾಯಣ ಶುರುವಾದದ್ದು ಅಕ್ಟೋಬರ್‌ನಲ್ಲಿ, ಒಂದು ಮಂಗಳವಾರದ ಊಟದ ಹೊತ್ತಿನಲ್ಲಿ. ನಾನು ಎಲೆಕೋಸಿನಲ್ಲಿ ಮಾಂಸ ಸುತ್ತಿ ಬೇಯಿಸಿದ್ದೆ. ನಾರ್ಬರ್ಟ್ ಅದನ್ನು ಫೋರ್ಕಿನಿಂದ ಬಿಚ್ಚಿ ನೋಡುತ್ತಿದ್ದ. ಮನೆಮನೆಯ ಹೀಟರ್ ರಿಪೇರಿ ಮಾಡುವವನು. ಎದುರಿಗೆ ಏನೇ ಇಟ್ಟರೂ ಮೊದಲು ಬಿಚ್ಚಿ ನೋಡುವುದು ಅವನ ಅಭ್ಯಾಸ. ರೆನಾಟ ನೀರು ಕುಡಿದು, ಗಂಟಲು ಸರಿಮಾಡಿಕೊಂಡು, ತಾನು ಒಬ್ಬ ಹುಡುಗನನ್ನು ಮನೆಗೆ ಕರೆತರಬೇಕೆಂದಿದ್ದೇನೆ ಎಂದಳು.

"ತುಂಬ ಸಂತೋಷ" ಎಂದ ನಾರ್ಬರ್ಟ್. "ಹೆಸರು?"

"ನೆಲ್ಸನ್. ಪೋರ್ಚುಗೀಸ್ ಮನೆತನ. ಲಿಫ್ಟ್ ರಿಪೇರಿ ಮಾಡ್ತಾನೆ."

"ಕೈ ಕೆಲಸದವನು. ಒಳ್ಳೇದಾಯ್ತು. ಯಾವ ಊರು?"

"ಫಾಲ್ ರಿವರ್. ಬಾಸ್ಟನ್ ಹತ್ರ."

ಫೋರ್ಕ್ ನಿಂತಿತು. "ಯಾವ ತಂಡ?"

"ಅಪ್ಪ, ಅವನು ಕುಡಿಯಲ್ಲ. ಅವರಮ್ಮನಿಗೆ ದಿನಾ ಫೋನ್ ಮಾಡ್ತಾನೆ. ನನ್ನ ಕಾರಿನ ಬ್ಯಾಟರಿ..."

"ಯಾವ ತಂಡ ಅಂತ ಕೇಳಿದೆ."

"ಅವರೂರಿನ ತಂಡವೇ. ಹುಟ್ಟಿದೂರು ಅಪ್ಪ, ಅವನೇನು ಮಾಡ್ತಾನೆ?"

"ಇಪ್ಪತ್ತು ವರ್ಷ ನಮಗೆ ನೀರು ಕುಡಿಸಿದ ಜನ ಅವರು. ನಿಮ್ಮ ತಾತ ಕೊನೇ ವರ್ಷ ಆಸ್ಪತ್ರೆಯಲ್ಲಿ ಮಲಗಿ ಅವರ ಕೈಲಿ ಸೋಲೋದನ್ನ ನೋಡಿ ಹೋದ್ರು. ಅಂಥವನನ್ನ ತಂದು ತಾತನ ಕುರ್ಚಿ ಮೇಲೆ ಕೂರಿಸ್ತೀಯಾ?"

"ಬೇರೆ ಕುರ್ಚಿ ಮೇಲೆ ಕೂರಿಸಿ."

"ಈ ಮನೇಲಿ ಕುರ್ಚಿಗೆ ಬರ ಬಂದಿದೆ" ಎಂದ ನಾರ್ಬರ್ಟ್.

ರೆನಾಟ ಜೋರಾಗಿ ಮಾತಾಡುವ ಹುಡುಗಿಯಲ್ಲ. ಕನ್ನಡಕದ ಅಂಗಡಿಯಲ್ಲಿ ಮುದುಕರಿಗೆ ಫ್ರೇಮು ಹೊಂದಿಸಿ ಹೊಂದಿಸಿ ಅವಳಿಗೆ ತಾಳ್ಮೆ ಬಂದುಬಿಟ್ಟಿದೆ. ಮೆತ್ತಗೆ ಹೇಳಿದಳು: "ಅವನ ಕಂಪನಿಯವರು ವಾಪಸ್ ಊರಿಗೆ ಹೋಗ್ತೀಯಾ, ಇಲ್ಲೇ ಇರ್ತೀಯಾ ಅಂತ ಕೇಳಿದಾರೆ. ಹೊಸ ವರ್ಷದೊಳಗೆ ಹೇಳ್ಬೇಕು. ನೀನೇನಂತೀಯಾ ಅಂತ ಅವನು ನನ್ನ ಕೇಳಿದಾನೆ. ಈ ಮೇಜಿನ ಮುಂದೆ ಅವನಿಗೆ ಜಾಗ ಇಲ್ಲ ಅಂದ್ರೆ ನಾನೂ ಅವನ ಜೊತೆ ಹೊರಟೆ. ಆಮೇಲೆ ಕ್ರಿಸ್‌ಮಸ್‌ಗೆ ಬಾ, ಈಸ್ಟರ್‌ಗೆ ಬಾ ಅಂತ ಕರೀಬೇಡಿ."

ತಟ್ಟೆ ತೊಳೆದಿಟ್ಟು ಮೇಲೆ ಹೋದಳು. ನನಗಿರುವುದು ಒಬ್ಬಳೇ ಮಗಳು. ಗಂಡನನ್ನು ನೋಡಿದೆ. ಅವನು ಮತ್ತೆ ಎಲೆಕೋಸು ಬಿಚ್ಚುತ್ತಿದ್ದ.

"ಅಮ್ಮ ಮಾಡ್ತಿದ್ದ ಥರ ಇಲ್ಲ ಇದು" ಎಂದ. ಆ ಕ್ಷಣ ಅವನ ತಲೆಯ ಮೇಲೆ ಪಾತ್ರೆ ಬೋರಲು ಹಾಕಬೇಕೆನಿಸಿದ್ದು ನಿಜ.

ಆ ವಾರವೂ ತಂಡ ಸೋತಿತು. ಅದರ ಮುಂದಿನ ವಾರವೂ. ಆಗ ನಾರ್ಬರ್ಟ್‌ಗೆ ಕಾರಣ ಹೊಳೆಯಿತು. ಆಟಗಾರರದ್ದೂ ತಪ್ಪಲ್ಲ, ಕೋಚ್‌ದೂ ತಪ್ಪಲ್ಲ. ಮನೆಯಲ್ಲಿ ಚಾರ್ನಿನಾ ನಿಂತುಹೋದದ್ದೇ ತಪ್ಪು.

ಚಾರ್ನಿನಾ ಎಂದರೆ ಬಾತುಕೋಳಿಯ ರಕ್ತದ ಸಾರು. ಒಣ ಪ್ಲಮ್ಮು, ಒಣ ಪಿಯರ್ ಹಣ್ಣು, ಲವಂಗ, ಸ್ವಲ್ಪ ವಿನೆಗರ್ ಹಾಕಿ ಮಾಡುವ, ಕಾಫಿ ಬಣ್ಣದ ಸಿಹಿಹುಳಿ ಸಾರು. ಶಾವಿಗೆಯ ಮೇಲೆ ಸುರಿದು ತಿನ್ನುತ್ತಾರೆ. ತಂಡ ಫೈನಲ್‌ಗೆ ಹೋಗುತ್ತಿದ್ದ ಕಾಲದಲ್ಲಿ ಅತ್ತೆ ಭಾನುವಾರ ತಪ್ಪದೆ ಇದನ್ನು ಮಾಡುತ್ತಿದ್ದರಂತೆ. ಮಾವ ಮೊದಲ ಚಮಚ ರುಚಿ ನೋಡಿ ತಲೆಯಾಡಿಸಿದ ಮೇಲೇ ಉಳಿದವರಿಗೆ ಬಡಿಸುವುದು. ನಾನು ಬಂದ ಹೊಸದರಲ್ಲಿ ಒಮ್ಮೆ ತಟ್ಟೆಗೆ ಹಾಕಿಸಿಕೊಂಡು, ಅತ್ತೆ ಆ ಕಡೆ ತಿರುಗಿದಾಗ ಗಂಡನ ತಟ್ಟೆಗೆ ಸಾಗಿಸಿದ್ದೆ. ಆಮೇಲೂ ಅದೇ ವ್ಯವಸ್ಥೆ ಮುಂದುವರಿಯಿತು.

"ಅಮ್ಮ, ಒಂದೇ ಒಂದು ಸಲ" ಎಂದು ನಾರ್ಬರ್ಟ್ ಅತ್ತೆಯ ಹಿಂದೆ ಬಿದ್ದ.

"ಆಗಲ್ಲ."

"ಬಾತುಕೋಳಿ ನಾನು ತರ್ತೀನಿ. ರಕ್ತ ನಾನು ತರ್ತೀನಿ. ನೀನು ನಿಂತ್ಕೊಂಡು ಹೇಳಿದ್ರೆ ಸಾಕು."

"ಮರೆತುಹೋಗಿದೆ."

"ಐವತ್ತು ವರ್ಷ ಮಾಡಿದ್ದು ಹೇಗಮ್ಮ ಮರೀತೀಯಾ?"

"ಐವತ್ತು ವರ್ಷ ಆಡಿದ ಆಟ ನಿಮ್ಮ ಹುಡುಗರು ಮರೆತಿಲ್ವಾ?" ಎಂದರು ಅತ್ತೆ. ಜಪ್ಪಯ್ಯ ಎಂದರೂ ಒಲೆಯ ಹತ್ತಿರ ಬರಲಿಲ್ಲ.

ಕೊನೆಗೆ ನಾರ್ಬರ್ಟ್ ತಾನೇ ಸೊಂಟ ಕಟ್ಟಿದ. ಕೋಳಿ, ಬಾತು ಕೊಯ್ಯುವ ಅಂಗಡಿಯಿಂದ ಎಲ್ಲ ತಂದ. ಬಾತನ್ನು ಬೇಯಿಸುವ ತನಕ ಎಲ್ಲ ಸುಸೂತ್ರವಾಗಿತ್ತು. ಆಮೇಲೆ ರಕ್ತವನ್ನು ನೇರವಾಗಿ ಕುದಿಯುವ ಪಾತ್ರೆಗೆ ಸುರಿದುಬಿಟ್ಟ. ಅದು ಒಡೆದು, ನೀರೇ ಬೇರೆ, ಕಪ್ಪು ಮುದ್ದೆಗಳೇ ಬೇರೆ ಆಯಿತು. ಅತ್ತೆ ಬಾಗಿಲಲ್ಲಿ ನಿಂತು ಇಣುಕಿ ನೋಡಿ, ಶಿಲುಬೆ ಗುರುತು ಮಾಡಿಕೊಂಡು ಹೊರಟುಹೋದರು. ಆ ದಿನ ತಂಡ ಎಷ್ಟರಲ್ಲಿ ಸೋತಿತೆಂದು ಹೇಳಲು ನನಗೆ ನಾಚಿಕೆ.

ಎರಡನೇ ಸಲ ನನ್ನನ್ನು ಒಲೆಯ ಮುಂದೆ ನಿಲ್ಲಿಸಿದ. ನಾನು ಶಾಲೆಯ ಅಡುಗೆಯವಳು, ಅಳತೆ ಹೇಳಿದರೆ ಏನನ್ನಾದರೂ ಮಾಡಬಲ್ಲೆ. ಅಳತೆ ಹೇಳುವವರೇ ಇರಲಿಲ್ಲ. ಸಾರು ಒಡೆಯಲಿಲ್ಲ, ಸರಿ. ಆದರೆ ನಾರ್ಬರ್ಟ್ ಒಂದು ಚಮಚ ಬಾಯಿಗಿಟ್ಟು, "ಬಿಸಿ ಮಾಡಿದ ಪ್ಲಮ್ ಜಾಮ್" ಎಂದ.

"ನಾಳೆಯಿಂದ ನಿನ್ನ ಬಟ್ಟೆ ನೀನೇ ಒಗ್ಕೋ" ಎಂದೆ ನಾನು. ಒಂದು ವಾರ ಹಾಗೇ ನಡೆಯಿತು. ಅವನ ಬಿಳಿ ಬನಿಯನ್‌ಗಳೆಲ್ಲ ತಂಡದ ನೀಲಿ ಬಣ್ಣಕ್ಕೆ ತಿರುಗಿದವು.

ಅಷ್ಟರಲ್ಲಿ ಡಿಸೆಂಬರ್ ಬಂತು, ಹಿಮ ಬಂತು, ನೆಲ್ಸನ್‌ನ ತಂಡದ ಮೇಲೆ ನಮ್ಮವರ ಆಟವೂ ಹತ್ತಿರ ಬಂತು. ರೆನಾಟ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. "ಉಪ್ಪು ಕೊಡೋಕೆ ಹೇಳಮ್ಮ" ಎಂದು ನನ್ನ ಮೂಲಕ ಕೇಳುತ್ತಿದ್ದಳು. ಉಪ್ಪು ಅವನ ಮೊಣಕೈ ಹತ್ತಿರವೇ ಇರುತ್ತಿತ್ತು. ಹೀಗಿರುವಾಗ ಒಂದು ಸಂಜೆ ನಾರ್ಬರ್ಟ್ ಬೂಟು ಬಿಚ್ಚುತ್ತಾ, "ಆ ಹುಡುಗನನ್ನ ಈ ಭಾನುವಾರ ಊಟಕ್ಕೆ ಕರೀ" ಎಂದುಬಿಟ್ಟ.

ರೆನಾಟಳ ಮುಖ ಅರಳಿತು. ಓಡಿಹೋಗಿ ಅಪ್ಪನ ಬೋಳುತಲೆಗೆ ಮುತ್ತು ಕೊಟ್ಟಳು. ನನಗೆ ಮಾತ್ರ ಇದರಲ್ಲೇನೋ ಮಸಲತ್ತು ಇದೆ ಎನಿಸಿತು. ಮೂವತ್ತು ವರ್ಷ ಸಂಸಾರ ಮಾಡಿದವಳು ನಾನು. ಅವಳು ಮೇಲೆ ಹೋದೊಡನೆ ಹಿಡಿದು ಕೇಳಿದೆ.

"ನಾನು ಒರಟಾಗಿ ಏನೂ ಹೇಳಲ್ಲ ನೋರೀನ್. ನಮ್ಮ ಹಳೇ ಪದ್ಧತಿ ಪ್ರಕಾರ ಮರ್ಯಾದೆಯಾಗಿ ಹೇಳ್ತೀನಿ."

"ಯಾವ ಪದ್ಧತಿ?"

"ನಮ್ಮ ಹಿರಿಯರ ಕಾಲದಲ್ಲಿ ಹೆಣ್ಣು ಕೇಳೋಕೆ ಬಂದವನ ಮುಂದೆ ಚಾರ್ನಿನಾ ಇಟ್ರೆ, ಹೆಣ್ಣು ಕೊಡಲ್ಲ ಅಂತ ಅರ್ಥ. ಬಾಯಿ ಬಿಡೋದೇ ಬೇಡ. ಅವನು ಚಮಚ ಕೆಳಗಿಟ್ಟು, ಟೋಪಿ ತಗೊಂಡು, ನಮಸ್ಕಾರ ಹೇಳಿ ಹೋಗ್ತಾನೆ. ಅವನಿಗೂ ಅವಮಾನ ಇಲ್ಲ, ನಮಗೂ ಇಲ್ಲ."

"ಅವನು ಪೋರ್ಚುಗೀಸ್. ಅವನಿಗೆ ಹೇಗೆ ಗೊತ್ತಾಗತ್ತೆ?"

"ರಕ್ತದ ಸಾರು ಅಂದ ತಕ್ಷಣ ತಾನೇ ಎದ್ದು ಓಡ್ತಾನೆ. ನೀನು ಓಡಿಲ್ವಾ?"

"ನಾನು ಓಡಿಲ್ಲ, ನಿನ್ನ ತಟ್ಟೆಗೆ ಹಾಕಿದೀನಿ. ಅವಳು ನಮ್ಮ ಒಬ್ಬಳೇ ಮಗಳು, ನಾರ್ಬರ್ಟ್. ಅವನು ಓಡಿದ್ರೆ ಅವಳೂ ಓಡ್ತಾಳೆ. ಆಮೇಲೆ ನೀನು, ನಾನು, ಟಿವಿ."

ಅವನು ಬೂಟನ್ನು ಬಾಗಿಲ ಹತ್ತಿರ ಇಟ್ಟ. ನಾನು ನೇರ ಅತ್ತೆಯ ಕೋಣೆಗೆ ಹೋದೆ. ಅವರು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದರು. ಮಗನ ಹುನ್ನಾರವನ್ನೆಲ್ಲ ಹೇಳಿ, ದಯವಿಟ್ಟು ಆ ಸಾರಿಗೆ ಕೈ ಹಾಕಬೇಡಿ ಎಂದೆ.

"ಗೊತ್ತು. ಬೆಳಿಗ್ಗೆನೇ ಬಂದು ಕೇಳಿದ" ಎಂದರು. "ಮಾಡ್ತೀನಿ ಅಂದೆ."

"ಇಷ್ಟು ದಿನ ಮರೆತಿದೀನಿ ಅಂತಿದ್ರಲ್ಲ."

"ಅವನು ಎರಡು ಬಾತುಕೋಳಿ ಹಾಳು ಮಾಡಿದ್ದು ನೋಡಿದೆ. ಮೂರನೇದನ್ನೂ ನೋಡೋಷ್ಟು ಗಟ್ಟಿ ಜೀವ ಅಲ್ಲ ನಂದು."

"ಅತ್ತೆ, ರೆನಾಟ ಹೊರಟುಹೋಗ್ತಾಳೆ."

"ಹುಡುಗ ಬರಲಿ. ಚಮಚ ಹೇಗೆ ಹಿಡೀತಾನೆ ನೋಡೋಣ." ಅಷ್ಟು ಹೇಳಿ ಎಣ್ಣೆ ಶೀಸೆಯ ಮುಚ್ಚಳ ಹಾಕಿದರು. ಅವರು ಯಾರ ಕಡೆ ಎಂದು ನನಗೆ ಕೊನೆಯ ತನಕ ತಿಳಿಯಲಿಲ್ಲ. ರೆನಾಟಳಿಗೆ ಹೇಳಲು ಬಾಯಿ ಬರಲಿಲ್ಲ. ಅಷ್ಟು ಖುಷಿಯಲ್ಲಿದ್ದಳು ಅವಳು.

ಭಾನುವಾರ ಬೆಳಿಗ್ಗೆ ಅತ್ತೆ ಏಪ್ರನ್ ಕಟ್ಟಿಕೊಂಡು ಒಲೆಯ ಮುಂದೆ ನಿಂತರು. ರಕ್ತಕ್ಕೆ ವಿನೆಗರ್ ಬೆರೆಸಿದರು, ಹಿಟ್ಟು ಕಲಸಿದರು, ಬಿಸಿ ಸಾರನ್ನು ಸೌಟು ಸೌಟಾಗಿ ಅದಕ್ಕೆ ಹಾಕಿ ಹದ ಮಾಡಿ ಆಮೇಲೆ ಪಾತ್ರೆಗೆ ಸುರಿದರು. ಒಂದು ಗಂಟೂ ಕಟ್ಟಲಿಲ್ಲ. ಮನೆಯೆಲ್ಲ ಲವಂಗದ ವಾಸನೆ ತುಂಬಿತು. ನಾರ್ಬರ್ಟ್ ಮೂಗರಳಿಸಿಕೊಂಡು ಅಡುಗೆಮನೆಗೂ ಟಿವಿಗೂ ನಡುವೆ ಓಡಾಡುತ್ತಿದ್ದ. ಅತ್ತೆ ಚಮಚ ನನ್ನ ಕಡೆ ಚಾಚಿ, "ಹೇಗಿದೆ ನೋಡು" ಎಂದರು. ನಾನು ಚಮಚದ ತುದಿಗೆ ತುಟಿ ತಾಗಿಸಿದ ಹಾಗೆ ಮಾಡಿ, "ತುಂಬ ಚೆನ್ನಾಗಿದೆ" ಎಂದೆ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು.

ಆಟ ಶುರುವಾಗುವ ಮೊದಲೇ ನೆಲ್ಸನ್ ಬಂದ. ಗುಂಡುಗುಂಡಗಿನ ಹುಡುಗ, ಕಿವಿ ಚಳಿಗೆ ಕೆಂಪಾಗಿತ್ತು. ಅವನಮ್ಮ ಅಂಚೆಯಲ್ಲಿ ಕಳಿಸಿದ ಸಿಹಿ ಬ್ರೆಡ್ಡನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಗೆ ಕೊಟ್ಟ. ಮೈಮೇಲೆ ಬೂದು ಸ್ವೆಟರ್. ನಾರ್ಬರ್ಟ್ ಅದನ್ನೇ ದಿಟ್ಟಿಸಿದ.

"ಒಳಗಡೆ ಏನಿದೆ?"

"ಬನಿಯನ್, ಸರ್."

"ಯಾವ ಬಣ್ಣ?"

"ಬಿಳಿ."

"ಬಿಳಿ ಅಂತೆ" ಎಂದು ನಾರ್ಬರ್ಟ್ ನನ್ನ ಕಡೆ ನೋಡಿದ. ಅವನಿಗೆ ಬಟ್ಟೆ ಒಗೆಯಲು ಬರುತ್ತದಲ್ಲ ಎಂದೆ ನಾನು.

ಅರ್ಧ ಆಟ ಮುಗಿದಾಗ ನಮ್ಮವರೇ ಮುಂದಿದ್ದರು. ನಾರ್ಬರ್ಟ್‌ಗೆ ಧೈರ್ಯ ಬಂದಿತ್ತು. ಎಲ್ಲರನ್ನೂ ಮೇಜಿಗೆ ಕರೆದ. ತಾನು ಮಾತ್ರ ಕೂರಲಿಲ್ಲ. ಗೆಲ್ಲುವ ತನಕ ಬಾಯಿಗೆ ಏನೂ ಇಡುವುದಿಲ್ಲ ಎಂದು ಹರಕೆ ಹೊತ್ತಿದ್ದನಂತೆ. ತನ್ನ ಕೈಯಾರೆ ಶಾವಿಗೆಯ ಮೇಲೆ ಸಾರು ಸುರಿದು ನೆಲ್ಸನ್ ಮುಂದಿಟ್ಟು, ಕೈ ಕಟ್ಟಿ ನಿಂತ.

ರೆನಾಟ ಬಟ್ಟಲಿನೊಳಗಿನ ಬಣ್ಣ ನೋಡಿದಳು. ಅವಳಿಗೂ ಅಜ್ಜಿಯ ಕತೆಗಳು ಗೊತ್ತು. ಮುಖ ಬಿಳಿಚಿಕೊಂಡಿತು.

"ಅಪ್ಪ, ಏನಿದು?"

"ಊಟ."

"ಬಾಬ್ಚಾ, ನೀನೂನಾ?" ಎಂದು ಅಜ್ಜಿಯ ಕಡೆ ತಿರುಗಿದಳು. ಕಣ್ಣಲ್ಲಿ ನೀರಿತ್ತು. ಅತ್ತೆ ಹುಡುಗನ ಚಮಚವನ್ನೇ ನೋಡುತ್ತಿದ್ದರು. "ನೆಲ್ಸನ್, ನಡಿ ಹೋಗೋಣ" ಎಂದು ರೆನಾಟ ಕುರ್ಚಿ ಹಿಂದೆ ತಳ್ಳಿದಳು.

ನೆಲ್ಸನ್‌ಗೆ ಇದ್ಯಾವುದೂ ಕೇಳಿಸಿದಂತಿರಲಿಲ್ಲ. ಬಟ್ಟಲಿನ ಮೇಲೆ ಬಗ್ಗಿ ವಾಸನೆ ನೋಡಿದ. ಒಂದು ಚಮಚ ಕುಡಿದ. ನಿಧಾನವಾಗಿ ಇನ್ನೊಂದು. "ಇದು ರಕ್ತದ್ದಲ್ವಾ?" ಎಂದ.

"ಹೌದು" ಎಂದ ನಾರ್ಬರ್ಟ್, ಟೋಪಿ ಎಲ್ಲಿದೆ ಎಂದು ಬಾಗಿಲ ಕಡೆ ನೋಡುತ್ತಾ.

"ನಮ್ಮಜ್ಜಿ ಕೋಳಿ ರಕ್ತ, ವಿನೆಗರ್ ಹಾಕಿ ಅನ್ನ ಮಾಡ್ತಿದ್ರು. ಅವರು ಹೋದ ಮೇಲೆ ನಮ್ಮನೇಲಿ ಯಾರಿಗೂ ಬರಲ್ಲ. ಅಮ್ಮ ಒಂದ್ಸಲ ಮಾಡೋಕೆ ಹೋಗಿ ಒಡೆದುಹೋಯ್ತು." ಮತ್ತೆರಡು ಚಮಚ ಕುಡಿದ. ಆಮೇಲೆ ಅತ್ತೆಯ ಕಡೆ ನೋಡಿ, "ಅಜ್ಜಿ, ಒಂದು ಮಾತು ಹೇಳಿದ್ರೆ ಬೇಜಾರ್ ಮಾಡ್ಕೋಬಾರದು" ಎಂದ.

"ಹೇಳು."

"ಹುಳಿ ಒಂಚೂರು ಕಮ್ಮಿ."

ಜೆನೋವೇಫ ಅವರ ಅಡುಗೆಗೆ ಕೊರತೆ ಹೇಳಿದವರು ಈ ಕೇರಿಯಲ್ಲಿ ಹುಟ್ಟಿಲ್ಲ. ಹೇಳಿದ ಒಬ್ಬ ಪಾದ್ರಿಯೂ ಆಮೇಲೆ ನಮ್ಮ ಮನೆಯ ಊಟ ಕಂಡಿಲ್ಲ.

"ಎಷ್ಟು ಕಮ್ಮಿ?" ಎಂದರು ಅತ್ತೆ.

"ಪಾತ್ರೆಗೆ ಎರಡು ಚಮಚ ಸಾಕು."

ಅತ್ತೆ ಎದ್ದು ಹೋಗಿ ವಿನೆಗರ್ ಶೀಸೆ ತಂದರು. ಎರಡು ಚಮಚ ಹಾಕಿ ಕದಡಿ, ಅವನ ಬಟ್ಟಲಿಗೆ ಮತ್ತೆ ಬಡಿಸಿ, ಅವನ ಮುಖದ ಹತ್ತಿರ ಮುಖ ತಂದು ನಿಂತರು. ಅವನು ಕುಡಿದು, ಕಣ್ಣು ಮುಚ್ಚಿ, ತಲೆಯಾಡಿಸಿದ. ಅತ್ತೆ ಕುರ್ಚಿ ಎಳೆದು ಅವನ ಪಕ್ಕದಲ್ಲೇ ಕೂತುಬಿಟ್ಟರು.

"ನನ್ನ ನಾಲಿಗೆ ಹೋಗಿದೆ ಮಗು" ಎಂದರು. "ಉಪ್ಪೂ ಒಂದೇ, ಸಕ್ಕರೆನೂ ಒಂದೇ. ಕಾಸಿಮಿರ್ ಇದ್ದಾಗ ಅವರು ನೋಡಿ ಹೇಳ್ತಿದ್ರು, ನಾನು ಮಾಡ್ತಿದ್ದೆ. ಅವರು ಹೋದ್ರು, ಹೇಳೋರಿಲ್ಲ. ನನ್ನ ಮಗ ನಾನು ಏನು ಇಟ್ರೂ ಅಮೃತ ಅಂತಾನೆ. ಈ ಪುಣ್ಯಾತ್ಗಿತ್ತಿ ಬಾಯಿಗೇ ಇಡದೆ ಚೆನ್ನಾಗಿದೆ ಅಂತಾಳೆ."

ನನಗೆ ನಾಚಿಕೆಯಾಯಿತು. ಅತ್ತೆ ಅಷ್ಟು ದಿನ ಒಲೆ ಬಿಟ್ಟು ಕೂತದ್ದು ಇದಕ್ಕೆ ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ನಾರ್ಬರ್ಟ್ ಏನೋ ಹೇಳಲು ಬಾಯಿ ತೆರೆದ. ಆದರೆ ಟಿವಿಯಲ್ಲಿ ಆಟ ಮತ್ತೆ ಶುರುವಾಯಿತು. ಅವನು ಅತ್ತ ಓಡಿದ. ರೆನಾಟ ಕುರ್ಚಿ ಮುಂದಕ್ಕೆಳೆದುಕೊಂಡಳು. ನಾನು ಬಟ್ಟಲು ಹಿಡಿದು, ಮೊದಲ ಬಾರಿಗೆ ನಿಜವಾಗಿ ಒಂದು ಚಮಚ ಕುಡಿದೆ. ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಕೊನೆಯ ಗಳಿಗೆಯಲ್ಲಿ ನಮ್ಮವರು ಎರಡು ಅಂಕ ಹಿಂದಿದ್ದರು. ಚೆಂಡನ್ನು ಎರಡು ಕಂಬಗಳ ನಡುವೆ ಒದ್ದರೆ ಮೂರು ಅಂಕ, ಗೆಲುವು. ಒದ್ದರು. ಅದು ಕಂಬದ ಆಚೆಗೆ ಹೋಯಿತು.

ಟಿವಿ ಆರಿತು. ನಾರ್ಬರ್ಟ್ ಅಡುಗೆಮನೆಗೆ ಬಂದು, ಯಾರನ್ನೂ ನೋಡದೆ ಪಾತ್ರೆಯ ಮುಚ್ಚಳ ತೆಗೆದ. ಪಾತ್ರೆ ಖಾಲಿ. ನೆಲ್ಸನ್ ಮೂರನೇ ಬಟ್ಟಲಿನಲ್ಲಿದ್ದ.

"ಗೆದ್ರಲ್ಲ, ಕೂಗು" ಎಂದ ನಾರ್ಬರ್ಟ್. "ಒಂದ್ಸಲ ಕೂಗಿಬಿಡು. ಕರುಣೆ ಗಿರುಣೆ ಬೇಡ ನನಗೆ."

"ಊಟ ಮಾಡ್ತಿದೀನಿ ಸರ್" ಎಂದ ನೆಲ್ಸನ್. ಖಾಲಿ ಪಾತ್ರೆಯನ್ನೂ ಅವನ ಮುಖವನ್ನೂ ನೋಡಿ, ಅರ್ಧ ಉಳಿದಿದ್ದ ಬಟ್ಟಲನ್ನು ಮೆಲ್ಲಗೆ ಮೇಜಿನ ಆ ಕಡೆಗೆ ಸರಿಸಿದ.

ನಾರ್ಬರ್ಟ್ ಕುರ್ಚಿ ಎಳೆದು ಕೂತು, ಅದೇ ಚಮಚ ಎತ್ತಿಕೊಂಡು ಕುಡಿದ. ಮೂಗು ಒರೆಸಿಕೊಂಡ. "ಇದೇ" ಎಂದ. "ಅಪ್ಪ ತಲೆಯಾಡಿಸಿದಾಗ ಹೀಗೇ ಇರ್ತಿತ್ತು." ಬಟ್ಟಲು ಬರಿದಾಗುವ ತನಕ ಚಮಚ ಕೆಳಗಿಡಲಿಲ್ಲ.

ಅತ್ತೆ ಮಗನ ಮುಂದಿದ್ದ ಬಟ್ಟಲಿನೊಳಗೆ ಇಣುಕಿ ನೋಡಿದರು. "ನಮ್ಮ ಪದ್ಧತಿಲಿ ಒಂದು ಬಟ್ಟಲು ಮುಂದೆ ಇಟ್ರೆ ಗಂಡು ಎದ್ದು ಹೋಗ್ಬೇಕು" ಎಂದರು. "ಮೂರು ಬಟ್ಟಲು ತಿಂದವನಿಗೆ ಏನು ಅಂತ ನಮ್ಮ ಹಿರಿಯರು ಹೇಳಿಲ್ಲ. ಈಗ ನೀನೂ ತಿಂದೆ ನಾರ್ಬರ್ಟ್. ಅಂದ್ರೆ ನಿನಗೂ ಈ ಮನೇಲಿ ಜಾಗ ಇಲ್ಲ ಅಂತಾಯ್ತು. ಇಬ್ರೂ ಎದ್ದು ಹೊರಗೆ ನಡೀರಿ. ಬಾಗಿಲ ಮುಂದೆ ಮೊಣಕಾಲುದ್ದ ಹಿಮ ಬಿದ್ದಿದೆ, ಸಲಿಕೆ ತಗೊಳ್ಳಿ."

ರೆನಾಟ ನಗಲಿಕ್ಕೆ ಶುರು ಮಾಡಿದವಳು ಅತ್ತುಬಿಟ್ಟಳು. ಗಂಡಸರಿಬ್ಬರೂ ಬೂಟು ಹಾಕಿಕೊಂಡು ಹೊರಗೆ ಹೋದರು. ನಾವು ಮೂವರೂ ಬಾಗಿಲಲ್ಲೇ ನಿಂತು ನೋಡಿದೆವು. ಮೊದಲು ಸಲಿಕೆಯ ಸದ್ದಷ್ಟೇ ಇತ್ತು. ಆಮೇಲೆ ಕೊನೆಯ ಒದೆತದ ಬಗ್ಗೆ ಮಾತು ಬಂತು. ಗಾಳಿ ಇತ್ತು, ಇರಲಿಲ್ಲ ಎಂದು ಇಬ್ಬರೂ ವಾದಕ್ಕೆ ನಿಂತರು. ನಡುವೆ ನೆಲ್ಸನ್ ಬರಿಗೈಯನ್ನು ಬಾಯಿಗೆ ಹಿಡಿದು ಊದಿಕೊಂಡ. ನಾರ್ಬರ್ಟ್ ಅದನ್ನು ನೋಡಿ, ಕಾರಿನ ಬಾಗಿಲು ತೆಗೆದು, ಒಂದು ಜೊತೆ ಕೈಗವಸು ತಂದು ಅವನ ಮುಂದೆ ಹಿಡಿದ. ನಮ್ಮ ತಂಡದ ನೀಲಿ, ಕೆಂಪು ಕೈಗವಸು.

ನೆಲ್ಸನ್ ಅದನ್ನೇ ನೋಡಿದ. "ಇದನ್ನ ಹಾಕ್ಕೊಂಡ್ರೆ ನಮ್ಮಮ್ಮ ನನ್ನ ಮನೆಗೆ ಸೇರಿಸಲ್ಲ ಸರ್."

"ಹಾಗಾದ್ರೆ ಇಲ್ಲೇ ಇದ್ಬಿಡು" ಎಂದ ನಾರ್ಬರ್ಟ್.